ಊರಿನ ನೀರು, ಚರಂಡಿ, ಸ್ಕೂಲ್ ಕೆಲಸ ಸರ್ಕಾರದಿಂದ ಆಗ್ಬೇಕಾ? ಗ್ರಾಮ ಸಭೆ ಹಿಡಿಯೋದು ಹಿಂಗೆ

ನಮ್ಮೂರ ಕಡೇ ಬೀದಿಲಿ 38 ಮನೆ ಇದಾವೆ. ಟ್ಯಾಂಕಿಂದ ಬಿಟ್ಟ ನೀರು ಮೇಲಿನ ಬೀದಿಗಳನ್ನ ದಾಟಿ ಅಲ್ಲಿಗೆ ಹೋಗೋ ಹೊತ್ತಿಗೆ ನಲ್ಲೀಲಿ ಬರೀ ಗಾಳಿ ಸದ್ದು ಬರೋದು. ಹೆಂಗಸರು ಬೆಳಗ್ಗೆ ಐದಕ್ಕೇ ಎದ್ದು ಬಿಂದಿಗೆ ಹಿಡ್ಕೊಂಡು ಮಿನಿ ಟ್ಯಾಂಕ್ ಹತ್ರ ಸಾಲು ನಿಲ್ಲೋರು, ಕೂಲಿಗೆ ಹೋಗೋರು ಎಷ್ಟೋ ದಿನ ಲೇಟಾಗಿ ಹೋಗಿ ವಾಪಸ್ ಬಂದಿದ್ದೂ ಇದೆ, ಹೆಣ್ಣುಮಕ್ಕಳು ಸ್ಕೂಲ್ ಬಿಟ್ಟು ನೀರು ಕಾದಿದ್ದೂ ಇದೆ. ಈಗ ಅಲ್ಲಿಗೆ ಬೇರೆ ಪೈಪ್‌ಲೈನ್ ಆಗಿದೆ, ನೀರು ಬರ್ತಿದೆ. ಅದಕ್ಕೆ ಎರಡು ವರ್ಷ ಹಿಡೀತು, ಅದರಲ್ಲಿ ಒಂದೂವರೆ ವರ್ಷ ಹೋಗಿದ್ದು ನಮಗೆ ದಾರಿ ಗೊತ್ತಿಲ್ಲದೇ ಇದ್ದಿದ್ದಕ್ಕೆ. ಆ ಒಂದೂವರೆ ವರ್ಷ ನಿಮಗಾದ್ರೂ ಉಳೀಲಿ ಅಂತ ಇದನ್ನ ಬರೀತಿದ್ದೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಸರ್ಕಾರದಿಂದ ಏನೂ ಆಗಲ್ಲ ಬಿಡಿ ಅನ್ನೋ ಮಾತು ನನಗೆ ಹಿಡಿಸಲ್ಲ. ಕೂಲಿ ಮಾಡೋರ 38 ಮನೆಗೆ ಪೈಪ್ ಎಳೆದ್ರೆ ಯಾವ ಕಂಪನಿಗೂ ಲಾಭ ಇಲ್ಲ, ಅದನ್ನ ಸರ್ಕಾರನೇ ಮಾಡ್ಬೇಕು, ಮಾಡಿರೋ ಇತಿಹಾಸನೂ ನಮ್ಮ ರಾಜ್ಯದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಇದ್ದಾಗ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು, ದಸರಾ ಸಮಯದಲ್ಲಿ ತಾಲ್ಲೂಕುಗಳಿಂದ ಜನ ಬಂದು ಊರಿನ ಕಷ್ಟನ ದಿವಾನರ ಮುಂದೆ ಇಡೋರು. ಆಮೇಲೆ ನಮ್ಮ ಕಾಲಕ್ಕೆ ಹತ್ತಿರ ಬಂದ್ರೆ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿ ಆಗಿದ್ದ ಅಬ್ದುಲ್ ನಜೀರ್ ಸಾಬ್, ಬರಗಾಲದ ಊರುಗಳಿಗೆ ಬೋರ್‌ವೆಲ್ ಹಾಕ್ಸಿ ಹಾಕ್ಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು, ನಮ್ಮಜ್ಜಿ ಕಡೇತನಕ ಆ ಹೆಸರು ಹೇಳಿ ಕೈ ಮುಗಿಯೋರು. ಅವರು ತಂದ 1983ರ ಕಾಯ್ದೆ, 1987ರ ಮಂಡಲ ಪಂಚಾಯ್ತಿ ಚುನಾವಣೆ, ಆಮೇಲೆ ದೇಶಕ್ಕೇ ಬಂದ ಸಂವಿಧಾನದ 73ನೇ ತಿದ್ದುಪಡಿ, ಅದರ ಹಿಂದೇನೇ ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ, ಇದೆಲ್ಲ ಸೇರಿ ಆಗಿದ್ದು ಇಷ್ಟೇ: ಊರಿಗೆ ಏನು ಬೇಕು ಅಂತ ತೀರ್ಮಾನ ಮಾಡೋ ಜಾಗ ಊರಿಗೇ ಬಂತು. ಆ ಜಾಗದ ಹೆಸರೇ ಗ್ರಾಮ ಸಭೆ. ಪಂಚಾಯ್ತಿ ವ್ಯಾಪ್ತೀಲಿ ವೋಟರ್ ಲಿಸ್ಟಲ್ಲಿ ಹೆಸರಿರೋ ಪ್ರತಿಯೊಬ್ಬರೂ ಅದರ ಸದಸ್ಯರು, ಯಾರೂ ನಿಮ್ಮನ್ನ ಕರೀಬೇಕಾಗಿಲ್ಲ.

ಆದ್ರೂ ಎಲ್ಲ ಊರಿಗೂ ಒಂದೇ ಥರ ತಲುಪಿಲ್ಲ ಅನ್ನೋದೂ ನಿಜ. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ನೋಡೋಕೆ ಮಾಡಿದ್ದ ಡಾ. ನಂಜುಂಡಪ್ಪ ಸಮಿತಿ ವರದಿ 2002ರಲ್ಲಿ ಬಂದಾಗ ಆಗಿನ 175 ತಾಲ್ಲೂಕಲ್ಲಿ 114 ಹಿಂದುಳಿದಿವೆ ಅಂತ ಹೇಳ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಅದು ತಾಲ್ಲೂಕು ಲೆಕ್ಕ. ಒಂದೇ ಊರೊಳಗೆ ಮೇಲಿನ ಬೀದಿಗೂ ಕಡೇ ಬೀದಿಗೂ ಇರೋ ವ್ಯತ್ಯಾಸನ ಯಾವ ಸಮಿತಿನೂ ಬಂದು ಅಳೆಯಲ್ಲ, ನಾವೇ ಅಳೀಬೇಕು.

ಈಗ ಕೆಲಸಕ್ಕೆ ಬರೋಣ.

ಮೊದಲು ನಿಮ್ಮ ಸಮಸ್ಯೆ ಯಾರ ಬಾಗಿಲಿಗೆ ಹೋಗ್ಬೇಕು ಅಂತ ತಿಳ್ಕೊಳ್ಳಿ, ಯಾಕಂದ್ರೆ ‘ಸರ್ಕಾರ’ ಅಂತ ಒಂದೇ ಬಾಗಿಲಿಲ್ಲ. ಊರೊಳಗಿನ ಕುಡಿಯೋ ನೀರು, ಬೀದಿ ದೀಪ, ಚರಂಡಿ, ಕಸ, ಊರೊಳಗಿನ ಸಿಸಿ ರಸ್ತೆ, ಲೈಬ್ರರಿ (ಈಗ ಅರಿವು ಕೇಂದ್ರ ಅಂತಾರೆ) ಇವೆಲ್ಲ ಗ್ರಾಮ ಪಂಚಾಯ್ತಿದು. ಸ್ಕೂಲಿಗೆ ಮೇಷ್ಟ್ರು ಬೇಕು ಅಂದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಅಂಗನವಾಡಿ ವಿಷಯ ಆದ್ರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಆಸ್ಪತ್ರೆ ಆದ್ರೆ ತಾಲ್ಲೂಕು ಆರೋಗ್ಯಾಧಿಕಾರಿ, ಕರೆಂಟ್ ಕಂಬ ವಾಲಿದ್ರೆ ನಿಮ್ಮ ಕಡೆಯ ಎಸ್ಕಾಂ (ಕರೆಂಟ್ ಕಂಪನಿ) ಸೆಕ್ಷನ್ ಆಫೀಸು. ಊರಿಂದೂರಿಗೆ ಹೋಗೋ ದೊಡ್ಡ ರಸ್ತೆ ಪಂಚಾಯ್ತಿ ಕೈಲಿ ಆಗಲ್ಲ, ಅದಕ್ಕೆ ಶಾಸಕರ ಹತ್ರನೇ ಹೋಗ್ಬೇಕು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ಇರುತ್ತೆ ಆದ್ರೆ ಕ್ಷೇತ್ರದ ಎಲ್ಲ ಊರಿನವರೂ ಅದನ್ನೇ ಕೇಳ್ತಾರೆ, ಹಂಗಾಗಿ ಪಂಚಾಯ್ತಿಲೇ ಆಗೋ ಕೆಲಸನ ಅಲ್ಲಿಗೆ ಒಯ್ಯಬೇಡಿ. ಹಂಗಂತ ಬೇರೆ ಇಲಾಖೆ ವಿಷಯನ ಗ್ರಾಮ ಸಭೇಲಿ ಕೇಳ್ಬಾರದು ಅಂತಲ್ಲ, ಖಂಡಿತ ಕೇಳಿ, ಇಲಾಖೆಯವರು ಸಭೆಗೆ ಬಂದಿರ್ಬೇಕು, ಬಂದಿಲ್ಲ ಅಂದ್ರೆ ಗೈರುಹಾಜರಿನೇ ನಡವಳೀಲಿ, ಅಂದ್ರೆ ಸಭೇಲಿ ಆಗಿದ್ದನ್ನ ಬರೆಯೋ ಪುಸ್ತಕದಲ್ಲಿ, ಬರೆಸಿ.

ಎರಡನೇದು ಅಳತೆ. ಇದಕ್ಕೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ ಯಾಕಂದ್ರೆ ನಾವು ತಪ್ಪಿದ್ದು ಇಲ್ಲೇ. ನಾವು ಮೊದಲ ಅರ್ಜೀಲಿ ಬರೆದಿದ್ದು ‘ನಮ್ಮ ಬೀದಿಗೆ ನೀರಿನ ತೊಂದರೆ ಇದ್ದು ದಯವಿಟ್ಟು ಪರಿಹರಿಸಬೇಕು’ ಅಂತ. ಇದನ್ನ ಓದಿದ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ, ಬೋರ್ ಹಾಕ್ಸಬೇಕಾ, ಮೋಟರ್ ಬದಲಾಯಿಸಬೇಕಾ, ವಾಲ್ವ್ ರಿಪೇರಿನಾ? ಆಮೇಲೆ ಊರಿನ ಡಿಗ್ರಿ ಓದೋ ಹುಡುಗಿ ಒಬ್ಬಳು, ಇಬ್ಬರು ಸ್ವಸಹಾಯ ಸಂಘದ ಹೆಂಗಸರು, ನಾನು ಸೇರಿ ಒಂದು ಭಾನುವಾರ ಮನೆ ಮನೆ ತಿರುಗಿದ್ವಿ. 38 ಮನೆ, 171 ಜನ. ಒಂದು ಮನೆಗೆ ಸಿಗ್ತಿದ್ದಿದ್ದು ದಿನಕ್ಕೆ ಮೂರು ಬಿಂದಿಗೆ, ಬಿಂದಿಗೆಗೆ 15 ಲೀಟರ್ ಅಂದ್ರೂ ಇಡೀ ಬೀದಿಗೆ 1,710 ಲೀಟರ್, ತಲೆಗೆ ಹತ್ತೇ ಲೀಟರ್. ಜಲ ಜೀವನ್ ಮಿಷನ್ ಅಂತ 2019ರಲ್ಲಿ ಶುರುವಾಯ್ತಲ್ಲ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅಂತಾರೆ, ಅದರಲ್ಲಿ ಸರ್ಕಾರನೇ ಇಟ್ಕೊಂಡಿರೋ ಅಳತೆ ತಲೆಗೆ ದಿನಕ್ಕೆ 55 ಲೀಟರ್. 171ನ 55ರಿಂದ ಗುಣಿಸಿದ್ರೆ 9,405 ಲೀಟರ್. ಬೇಕಾಗಿರೋದು 9,405, ಬರ್ತಿರೋದು 1,710. ಈ ಎರಡು ನಂಬರ್ ಬರೆದ ದಿನದಿಂದ ನಮ್ಮ ಅರ್ಜಿನ ಯಾರೂ ಪಕ್ಕಕ್ಕಿಡಲಿಲ್ಲ.

ಕಾರಣನೂ ಹುಡುಕಿ. ನಮ್ಮ ನೀರುಗಂಟಿ ಅಣ್ಣನ್ನ ಕೂರಿಸ್ಕೊಂಡು ಟೀ ಕೊಟ್ಟು ಕೇಳಿದ್ವಿ, ಅವರು ನೆಲದ ಮೇಲೆ ಕಡ್ಡೀಲಿ ಇಡೀ ಊರಿನ ಪೈಪ್ ನಕ್ಷೆ ಬರೆದು ತೋರಿಸಿದ್ರು. ಒಂದೇ ಲೈನಲ್ಲಿ ಮೂರು ಬೀದಿ ಕವಲು ಹೊಡೆದಿದೆ, ಕಡೇ ಬೀದಿಗೆ ಪ್ರೆಷರ್ರೇ ಉಳಿಯಲ್ಲ, ಟ್ಯಾಂಕ್ ಹತ್ರ ಇರೋ ವಾಲ್ವಿಂದ ಒಂದು 240 ಮೀಟರ್ ಬೇರೆ ಲೈನ್ ಎಳೆದ್ರೆ ಸಾಕು ಅಂದ್ರು. ಊರಿನ ನೀರಿನ ವಿಷಯ ಅವರಷ್ಟು ಚೆನ್ನಾಗಿ ಯಾವ ಇಂಜಿನಿಯರಿಗೂ ಗೊತ್ತಿರಲ್ಲ, ದಯವಿಟ್ಟು ಅವರನ್ನ ಬಿಟ್ಟು ಯಾವ ಅರ್ಜಿನೂ ಬರೀಬೇಡಿ. ಅರ್ಜಿ ಒಂದೇ ಪುಟ ಇರ್ಲಿ: ಎಲ್ಲಿಂದ ಎಲ್ಲಿಗೆ, ಎಷ್ಟು ಮನೆ, ಎಷ್ಟು ಜನ, ಈಗ ಎಷ್ಟು, ಬೇಕಾಗಿರೋದು ಎಷ್ಟು, ಏನು ಕೆಲಸ ಆಗ್ಬೇಕು. ಕೆಳಗೆ ಮನೆಗೊಬ್ಬರ ಸಹಿ ಅಥವಾ ಹೆಬ್ಬೆಟ್ಟು, ಆದಷ್ಟು ಹೆಂಗಸರದ್ದೇ ಇರ್ಲಿ, ನೀರು ಹೊರೋರು ಅವರೇ ತಾನೇ. ಎರಡು ಕಾಪಿ ಮಾಡಿ, ಒಂದಕ್ಕೆ ಪಂಚಾಯ್ತಿ ಸೀಲು, ತಾರೀಖು ಹಾಕ್ಸಿ ಇಟ್ಕೊಳ್ಳಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಂಗೇ ಅಲ್ಲ.

ಆಮೇಲೆ ಸಭೆ. ವಾರ್ಡ್ ಸಭೆ ಮೊದಲು, ಅಲ್ಲಿಂದ ಪಟ್ಟಿ ಗ್ರಾಮ ಸಭೆಗೆ ಹೋಗುತ್ತೆ, ಗ್ರಾಮ ಸಭೆಯಿಂದ ಪಂಚಾಯ್ತಿ ಸಾಮಾನ್ಯ ಸಭೆಗೆ. ಆರು ತಿಂಗಳಿಗೆ ಒಂದು ಸಲನಾದ್ರೂ ಗ್ರಾಮ ಸಭೆ ಆಗ್ಲೇಬೇಕು ಅಂತ ಕಾಯ್ದೇಲೇ ಇದೆ. ತುಂಬಾ ಜನ ನೇರವಾಗಿ ಗ್ರಾಮ ಸಭೆಗೆ ಬಂದು ಮೈಕ್ ಹಿಡೀತಾರೆ, ಅಷ್ಟೊತ್ತಿಗೆ ವಾರ್ಡ್ ಪಟ್ಟಿ ಬರೆದಾಗಿರುತ್ತೆ. ವಾರ್ಡ್ ಸಭೆ ಬಿಡಬೇಡಿ, ಅದು ಸಣ್ಣದು, ಅರಳಿಕಟ್ಟೆ ಹತ್ರಾನೋ ಸ್ಕೂಲ್ ಜಗುಲಿ ಮೇಲೋ ಆಗುತ್ತೆ, ಮಾತಾಡೋಕೆ ಹೆದರಿಕೆ ಆಗೋರೂ ಅಲ್ಲಿ ಮಾತಾಡ್ತಾರೆ. ಮುಂದಿನ ವರ್ಷದ ಯೋಜನೆ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರ ಗಾಂಧಿ ಜಯಂತಿ ಸುತ್ತಮುತ್ತ ಶುರುವಾಗುತ್ತೆ, 2018ರಿಂದ ಅದಕ್ಕೆ ದೇಶಾದ್ಯಂತ ಅಭಿಯಾನನೇ ಮಾಡ್ತಾರೆ. ಅಂದ್ರೆ ಬೇಸಿಗೇಲಿ ನೀರಿಲ್ಲ ಅಂತ ಏಪ್ರಿಲಲ್ಲಿ ಕೂಗಿದ್ರೆ ಆ ವರ್ಷದ ಕ್ರಿಯಾ ಯೋಜನೆ (ಯಾವ್ಯಾವ ಕೆಲಸ ಮಾಡ್ಬೇಕು ಅನ್ನೋ ಪಟ್ಟಿ) ಮುಗಿದಿರುತ್ತೆ, ಟ್ಯಾಂಕರ್ ಕಳಿಸ್ಬೋದು ಅಷ್ಟೇ. ಬೇಸಿಗೆ ನೀರಿಗೆ ಕೇಳೋ ಕಾಲ ಹಿಂದಿನ ದಸರಾ.

ನಾವು ಮೂರು ಗ್ರಾಮ ಸಭೇಲಿ ಎದ್ದು ನಿಂತು ಮಾತಾಡಿದ್ವಿ, ಚಪ್ಪಾಳೆನೂ ಬಿತ್ತು, ಸಭೆ ನೋಡ್ಕೊಳ್ಳೋಕೆ ಬಂದಿದ್ದ ನೋಡಲ್ ಅಧಿಕಾರಿ ತಲೆನೂ ಆಡಿಸಿದ್ರು. ಮೂರನೇ ಸಲ ಆದ್ಮೇಲೆ ನಡವಳಿ ಪುಸ್ತಕ ತೆಗೆಸಿ ನೋಡಿದ್ರೆ ಮೊದಲ ಎರಡು ಸಭೇಲಿ ನಮ್ಮ ಬೀದಿ ಹೆಸರೇ ಇಲ್ಲ, ಮೂರನೇದ್ರಲ್ಲಿ ಒಂದು ಸಾಲು: ‘ಕುಡಿಯುವ ನೀರಿನ ಸಮಸ್ಯೆಯ ಬಗ್ಗೆ ಚರ್ಚಿಸಲಾಯಿತು.’ ಅವತ್ತು ಆ ಹುಡುಗಿ ಕಣ್ಣಲ್ಲಿ ನೀರು ಬಂತು. ಆದ್ರೆ ಅವತ್ತೇ ನಾವು ಆಫೀಸ್ ಕನ್ನಡ ಕಲಿತಿದ್ದು. ‘ಚರ್ಚಿಸಲಾಯಿತು’ ಅಂದ್ರೆ ಮಾತಾಡಿದ್ರು, ಎದ್ದು ಹೋದ್ರು. ‘ಪರಿಶೀಲಿಸಲಾಗುವುದು’ ಅಂದ್ರೆ ಯಾರು, ಯಾವಾಗ ಅಂತ ಇಲ್ಲ. ‘ಅನುದಾನದ ಲಭ್ಯತೆ ಮೇರೆಗೆ’ ಅಂದ್ರೆ ಯಾವ ವರ್ಷ ಅಂತ ಇಲ್ಲ. ನಿಮಗೆ ಬೇಕಾಗಿರೋ ಪದ ‘ತೀರ್ಮಾನಿಸಲಾಯಿತು’. ನಾಲ್ಕನೇ ಸಭೆಗೆ ನಾವು ನಮಗೆ ಬೇಕಾದ ಸಾಲನ್ನ ಮೊದಲೇ ಬರ್ಕೊಂಡು ಹೋದ್ವಿ: ‘ಓವರ್‌ಹೆಡ್ ಟ್ಯಾಂಕ್ ವಾಲ್ವ್‌ನಿಂದ ಕಡೇ ಬೀದಿಯ 38 ಮನೆಗಳಿಗೆ 240 ಮೀಟರ್ ಪ್ರತ್ಯೇಕ ಪೈಪ್‌ಲೈನ್ ಕಾಮಗಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಮೊದಲ ಆದ್ಯತೆಯಾಗಿ ಸೇರಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.’ ಸಭೆ ಮುಗಿಯೋಕೆ ಮುಂಚೆ ಇದನ್ನ ಪುಸ್ತಕದಲ್ಲಿ ಬರೆಸಿ, ಗಟ್ಟಿಯಾಗಿ ಓದ್ಸಿ, ಮೊಬೈಲಲ್ಲಿ ಆ ಪುಟದ ಫೋಟೋ ತಗೊಂಡ್ವಿ. ಖಾಲಿ ಪುಟಕ್ಕೆ ಹಾಜರಿ ಸಹಿ ಹಾಕಿ ಎದ್ದು ಬರೋ ಅಭ್ಯಾಸ ಎಲ್ಲ ಊರಲ್ಲೂ ಇದೆ, ಅದನ್ನ ನಿಲ್ಲಿಸಿ, ಕೆಳಗೆ ಏನು ಬರ್ಕೊಳ್ತಾರೆ ಅಂತ ನಿಮಗೆ ಗೊತ್ತಿರಲ್ಲ.

ಕೋರಂ, ಅಂದ್ರೆ ಸಭೆಗೆ ಕನಿಷ್ಠ ಇಷ್ಟು ಜನ ಇರ್ಬೇಕು ಅನ್ನೋ ವಿಷಯನೂ ನೋಡ್ಕೊಳ್ಳಿ, ಜನ ಇಲ್ಲ ಅಂದ್ರೆ ಸಭೆ ಮುಂದಕ್ಕೆ ಹೋಗುತ್ತೆ. ಕೂಲಿ ಇಲ್ಲದ ದಿನ, ಸಂತೆ ಇಲ್ಲದ ದಿನ ಇಡಿ ಅಂತ ಪಿಡಿಒ ಹತ್ರ ಮೊದಲೇ ಕೇಳ್ಕೊಳ್ಳಿ, ತಮಟೆ ಹೊಡೆಸಿ ಎಲ್ಲ ಬೀದಿಗೂ ಸಾರಿಸೋಕೆ ಹೇಳಿ, ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಮುಗೀತು ಅನ್ಕೋಬೇಡಿ, ನಮ್ಮ ಕಡೇ ಬೀದಿಲಿ ಆಗ ಆರು ಜನರ ಹತ್ರ ಮಾತ್ರ ಆ ಥರ ಫೋನ್ ಇತ್ತು.

ದುಡ್ಡು ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ರೆ ‘ದುಡ್ಡಿಲ್ಲ’ ಅನ್ನೋ ಉತ್ತರಕ್ಕೆ ಮುಂದಿನ ಪ್ರಶ್ನೆ ಕೇಳ್ಬೋದು. ಪಂಚಾಯ್ತಿಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬರುತ್ತೆ, 2021ರಿಂದ 2026ರವರೆಗಿನ 15ನೇ ಆಯೋಗದ ಲೆಕ್ಕದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಉಳಿದ 40 ಊರಿನ ಬೇರೆ ಅಗತ್ಯಕ್ಕೆ ಇತ್ತು. ಹಿಂಗಾಗಿ ನೀರಿನ ಕೆಲಸ ಕೇಳಿದಾಗ ಸಿಸಿ ರೋಡ್‌ಗೇ ಎಲ್ಲ ಖರ್ಚಾಯ್ತು ಅಂತ ಯಾರಾದ್ರೂ ಹೇಳಿದ್ರೆ ಕಟ್ಟಿಟ್ಟ ದುಡ್ಡು ಎಲ್ಲಿ ಅಂತ ಕೇಳಿ. ರಾಜ್ಯದ ಅನುದಾನ ಬೇರೆ. ಮೂರನೇದು ಪಂಚಾಯ್ತಿ ಸ್ವಂತ ಆದಾಯ, ಅಂದ್ರೆ ಮನೆ ಕಂದಾಯ, ನೀರಿನ ಕಂದಾಯ, ಅಂಗಡಿ ಬಾಡಿಗೆ. ಈ ಮೂರನೇದ್ರ ಬಗ್ಗೆ ನಾನು ಕಠಿಣವಾಗೇ ಹೇಳ್ತೀನಿ, ಅರ್ಜಿ ಕೊಡೋಕೆ ಮುಂಚೆ ನಿಮ್ಮ ಕಂದಾಯ ಕಟ್ಟಿ. ಮೇಲಿಂದ ಬರೋ ದುಡ್ಡಿಗೆ ನೂರೆಂಟು ಷರತ್ತು ಇರುತ್ತೆ, ಕೆಟ್ಟ ಮೋಟರ್ ನಾಳೆನೇ ರಿಪೇರಿ ಆಗ್ಬೇಕು ಅಂದ್ರೆ ಕೈಗೆ ಬರೋದು ಈ ದುಡ್ಡೇ. ನಮ್ಮ ಬೀದಿಲಿ 38 ಮನೇಲಿ 29 ಮನೆ ಬಾಕಿ ಇತ್ತು, ನೀರೇ ಬರಲ್ಲ ಯಾಕೆ ಕಟ್ಟೋದು ಅಂತ ಹೇಳೋರು, ಆ ಮಾತಲ್ಲೂ ನ್ಯಾಯ ಇದೆ. ಆದ್ರೂ ಕಂತಲ್ಲಿ ಕಟ್ಟಿದ್ವಿ, ಬಿಲ್ ಕಲೆಕ್ಟರ್ ಮೇಡಂ ರಸೀದಿ ಹರೀತಾ ಹರೀತಾ ‘ನಿಮ್ಮ ಫೈಲ್ ಈಗ ನಾನೇ ಕೇಳ್ತೀನಿ’ ಅಂದ್ರು, ಕೇಳಿದ್ರು ಕೂಡ.

ಸಭೇಲಿ ತೀರ್ಮಾನ ಆಯ್ತು ಅಂದ್ರೆ ಕೆಲಸ ಆಯ್ತು ಅಂತಲ್ಲ. ಇ-ಗ್ರಾಮಸ್ವರಾಜ್ ಅನ್ನೋ ಪೋರ್ಟಲ್ಲಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದ್ರೆ ಆ ವರ್ಷದ ಯೋಜನೆ ಕಾಣುತ್ತೆ, ಖರ್ಚೂ ಕಾಣುತ್ತೆ, ಲಾಗಿನ್ ಬೇಡ. ನಮ್ಮ ರಾಜ್ಯದ ಪಂಚಮಿತ್ರ ಪೋರ್ಟಲ್ಲನ್ನೂ ಒಂದ್ಸಲ ತೆಗೆದು ನೋಡಿ. ನಿಮ್ಮ ಕೆಲಸದ ಹೆಸರು ಅಲ್ಲಿ ಇದೆಯಾ, ಊರಿನ ಹೆಸರು ಸರಿ ಇದೆಯಾ ನೋಡಿ, ನಮ್ಮದ್ರಲ್ಲಿ ‘ಪೈಪ್‌ಲೈನ್ ದುರಸ್ತಿ’ ಅಂತ ಮಾತ್ರ ಬಂದಿತ್ತು, ಬೀದಿ ಹೆಸರಿರಲಿಲ್ಲ, ಹಂಗೇ ಬಿಟ್ಟಿದ್ರೆ ಅದು ಯಾವ ಬೀದಿಗೆ ಬೇಕಾದ್ರೂ ಹೋಗ್ತಿತ್ತು.

ಎರಡು ಮೂರು ತಿಂಗಳಾದ್ರೂ ಅಲುಗಾಡ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು. 2005ರ ಕಾಯ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಆದ್ರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದ ಮೀರಬಾರದು, ಇದನ್ನ ಮರೆತು ಹತ್ತು ವಿಷಯ ತುರುಕಿದ್ರೆ ವಾಪಸ್ ಬರುತ್ತೆ. 30 ದಿನದೊಳಗೆ ಉತ್ತರ ಕೊಡ್ಬೇಕು, ಇಲ್ಲ ಅಂದ್ರೆ ಮೊದಲ ಮೇಲ್ಮನವಿ, ಗ್ರಾಮ ಪಂಚಾಯ್ತಿ ವಿಷಯಕ್ಕೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ, ಆಮೇಲೆ ಮಾಹಿತಿ ಆಯೋಗ. ಅರ್ಜೀಲಿ ‘ಯಾಕೆ ಮಾಡಿಲ್ಲ’ ಅಂತ ಕೇಳ್ಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ದಾಖಲೆ ಕೇಳಿ: ಇಂಥ ತಾರೀಖಿನ ಗ್ರಾಮ ಸಭೆ ನಡವಳಿ ಪ್ರತಿ, ಇಂಥ ವರ್ಷದ ಅನುಮೋದಿತ ಕ್ರಿಯಾ ಯೋಜನೆ ಪ್ರತಿ, ಈ ಕಾಮಗಾರಿಯ ಅಂದಾಜು ಪಟ್ಟಿ ಪ್ರತಿ. ಅಷ್ಟೇ. ನಮ್ಮ ಅರ್ಜಿ ಹಾಕಿದ ಮೂರನೇ ವಾರಕ್ಕೆ ಜೆಇ (ಜೂನಿಯರ್ ಇಂಜಿನಿಯರ್) ಟೇಪ್ ಹಿಡ್ಕೊಂಡು ಬೀದಿಗೆ ಬಂದ್ರು. ಇಷ್ಟು ದಿನದೊಳಗೆ ಸೇವೆ ಕೊಡ್ಬೇಕು ಅನ್ನೋ ಸಕಾಲ ಅಂತ ಇನ್ನೊಂದಿದೆಯಲ್ಲ, ಅದು ಖಾತೆ, ಪ್ರಮಾಣಪತ್ರ, ಲೈಸೆನ್ಸು ಈ ಥರದ್ದಕ್ಕೆ, ಪೈಪ್‌ಲೈನ್ ಕಾಮಗಾರಿಗೆ ಅಲ್ಲ, ಎರಡನ್ನೂ ಕಲಸಬೇಡಿ.

ಒಂದು ಮಾತು ಮನಸಿಂದ ಹೇಳ್ತೀನಿ, ಪಿಡಿಒ ಜೊತೆ ಜಗಳಕ್ಕೆ ನಿಲ್ಲಬೇಡಿ. ಒಬ್ಬ ಪಿಡಿಒ ತಲೆ ಮೇಲೆ ಉದ್ಯೋಗ ಖಾತರಿ ಬಿಲ್, ಇ-ಸ್ವತ್ತು (ಆಸ್ತಿ ದಾಖಲೆ), ಕಸದ ಗಾಡಿ, ವಿಡಿಯೋ ಕಾನ್ಫರೆನ್ಸು, ಎಲೆಕ್ಷನ್ ಡ್ಯೂಟಿ ಎಲ್ಲ ಇರುತ್ತೆ. ನಮ್ಮ ಫೈಲ್ ನಿಂತಿದ್ದು ಅವರಿಂದ ಅಲ್ಲ, ಪ್ರಭಾವ ಇರೋ ಬೇರೆ ಬೀದಿಯವರು ಅದೇ ದುಡ್ಡಲ್ಲಿ ಚರಂಡಿ ಸ್ಲ್ಯಾಬ್ ಹಾಕ್ಸೋಕೆ ಒತ್ತಡ ಹಾಕಿದ್ರು. ಆಗ ಪಿಡಿಒ ಮೇಡಂ ಕೈಲಿದ್ದ ಒಂದೇ ಆಸರೆ ನಮ್ಮ ಆ ನಡವಳಿ ಸಾಲು, ‘ಗ್ರಾಮ ಸಭೆ ತೀರ್ಮಾನ ಇದೆ, ನಾನು ಬದಲಾಯಿಸೋಕಾಗಲ್ಲ’ ಅಂತ ಅವರು ಹೇಳೋ ಹಂಗಾಯ್ತು. ಒಳ್ಳೆ ಅಧಿಕಾರಿಗೂ ಕಾಗದ ಬೇಕು. ಕಡೇ ಬೀದಿ ಯಾವಾಗ್ಲೂ ಯಾಕೆ ಕಡೆಗೇ ಉಳಿಯುತ್ತೆ ಅಂತ ನಿಮಗೂ ಗೊತ್ತು, ಊರಿನ ಜಾತಿ ಲೆಕ್ಕ ಪೈಪ್‌ಲೈನಲ್ಲೂ ಹರಿಯುತ್ತೆ. ಪರಿಶಿಷ್ಟರ ಕಾಲೋನಿ ಆಗಿದ್ರೆ ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ, ಪಂಗಡಕ್ಕೆ ಅಂತಲೇ ಎತ್ತಿಡೋ ಉಪಯೋಜನೆ) ದುಡ್ಡಿಗೆ 2013ರಿಂದ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆನೇ ಇದೆ, ಪಂಚಾಯ್ತಿ ಆದಾಯದಲ್ಲೂ ಪಾಲು ಇಡಬೇಕು, ಅದನ್ನ ಹೆಸರು ಹೇಳಿ ಕೇಳಿ.

ಕೆಲಸ ಶುರುವಾದ್ಮೇಲೆ ಮನೇಲಿ ಕೂರಬೇಡಿ. ಅಂದಾಜು ಪಟ್ಟಿ ಕಾಪಿ ಕೈಲಿ ಇಟ್ಕೊಳ್ಳಿ, ಅದರಲ್ಲಿ ಪೈಪಿನ ಸೈಜು, ಉದ್ದ, ಎಷ್ಟು ಆಳ ತೋಡಬೇಕು ಎಲ್ಲ ಇರುತ್ತೆ. ಮಣ್ಣು ಮುಚ್ಚೋಕೆ ಮುಂಚೆ ನೋಡ್ಬೇಕು, ಮುಚ್ಚಿದ ಮೇಲೆ ಏನೂ ಕಾಣಲ್ಲ. ನಮ್ಮಲ್ಲಿ ಒಂದು ತಿರುವಿನ ಹತ್ರ ಬಂಡೆ ಸಿಕ್ತು ಅಂತ ಮೇಲ್ಮೇಲೇ ಪೈಪ್ ಹಾಕಿ ಮುಚ್ಚೋಕೆ ಹೊರಟಿದ್ರು, ಟ್ರ್ಯಾಕ್ಟರ್ ಓಡಾಡೋ ಜಾಗ ಅದು, ಒಂದೇ ಸುಗ್ಗಿಗೆ ಒಡೀತಿತ್ತು. ಇಬ್ಬರು ಅಜ್ಜಿಯರು ಅಲ್ಲೇ ಕಲ್ಲ ಮೇಲೆ ಕೂತ್ಕೊಂಡ್ರು, ಬ್ರೇಕರ್ ತರಿಸಿ ಒಡೆದ ಮೇಲೇ ಎದ್ದಿದ್ದು. ಎಂ.ಬಿ. ಬರೆಯೋ ದಿನ, ಅಂದ್ರೆ ಜೆಇ ಅಳತೆ ಪುಸ್ತಕದಲ್ಲಿ ಲೆಕ್ಕ ಬರೆಯೋ ದಿನ, ನಾಲ್ಕು ಜನ ಜೊತೆಗಿರಿ. ಎಲ್ಲ ಮುಗಿದ ಮೇಲೆ ಜಮಾಬಂದಿ ಅಂತ ವರ್ಷಕ್ಕೊಮ್ಮೆ ಆಗುತ್ತೆ, ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಲ್ಲಿ, ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲ ಜನರ ಮುಂದೆ ಇಟ್ಟು ಸ್ಥಳಕ್ಕೂ ಹೋಗಿ ನೋಡ್ಬೇಕು. ಬಹಳ ಊರಲ್ಲಿ ಇದಕ್ಕೆ ಹತ್ತು ಜನನೂ ಹೋಗಲ್ಲ. ಹೋಗಿ.

ನಮ್ಮಲ್ಲಿ ಈಗ ಅದೇ ಹುಡುಗಿ ಸ್ಕೂಲ್ ಲೆಕ್ಕ ತೆಗೆದಿದ್ದಾಳೆ. ಒಂದರಿಂದ ಐದನೇ ಕ್ಲಾಸ್‌ವರೆಗೆ 41 ಮಕ್ಕಳು, ಒಬ್ಬರೇ ಮೇಷ್ಟ್ರು, ಅವರು ಮೀಟಿಂಗಿಗೆ ಹೋದ ದಿನ ಬೀಗ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೂ ಇಬ್ಬರು ಇರ್ಬೇಕು. ಈ ಅರ್ಜಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡವಳಿ ಜೊತೆಗೆ ಬಿಇಒ ಆಫೀಸಿಗೆ ಹೋಗ್ಬೇಕು, ನಕಲು ಗ್ರಾಮ ಸಭೆಗೆ. ಹೋದ ತಿಂಗಳು ಮೇಷ್ಟ್ರಿಲ್ಲದೇ ಬೀಗ ಬಿದ್ದ ದಿನಗಳನ್ನ ಅವಳು ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದ್ದಾಳೆ, ಐದು ದಿನ. ಸೋಮವಾರ ಸೀಲ್ ಹಾಕ್ಸೋಕೆ ಹೋಗ್ತಿದ್ದೀವಿ.